ಕಮ್ಮಿ ರೊಕ್ಕದಲ್ಲಿ ವೆಬ್ ಪೇಜ್: ಯಾರಿಗೆ ಯಾವ ಸಾಫ್ಟ್‌ವೇರ್ ಸರಿ?

ಬಳ್ಳಾರಿಯ ಜೀನ್ಸ್ ಯೂನಿಟ್‌ನವರು, ಗಂಗಾವತಿಯ ಅಕ್ಕಿ ಗಿರಣಿಯವರು, ಆನೆಗೊಂದಿಯ ಹೋಂಸ್ಟೇನವರು, ರಾಯಚೂರಿನ ಟ್ಯೂಷನ್ ಸೆಂಟರ್‌ನವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಅಣ್ಣಾ, ಕಮ್ಮಿ ರೊಕ್ಕದಾಗ ವೆಬ್‌ಸೈಟ್ ಮಾಡಾಕ ಯಾವ ಸಾಫ್ಟ್‌ವೇರ್ ಚಲೋ?" ಉತ್ತರ ಹೇಳುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಪೇಜ್ ಆದ ಮೇಲೆ ಅದನ್ನು ತಿದ್ದುವವರು ಯಾರು?

ಆಯ್ಕೆ ನಿಂತಿರುವುದೇ ಇದರ ಮೇಲೆ. ಅಕ್ಕಿ ರೇಟ್ ಒಂದೇ ಕಡೆ ನಿಲ್ಲುವುದಿಲ್ಲ. ಹೋಂಸ್ಟೇ ಬಾಡಿಗೆ ಡಿಸೆಂಬರ್‌ನಲ್ಲಿ ಒಂದು, ಮೇ ತಿಂಗಳ ಬಿಸಿಲಿನಲ್ಲಿ ಇನ್ನೊಂದು. ಟ್ಯೂಷನ್ ಸೆಂಟರ್‌ನಲ್ಲಿ ಪ್ರತಿ ಜೂನ್‌ಗೆ ಹೊಸ ಬ್ಯಾಚ್. ಪೇಜ್ ಮಾಡಿಕೊಟ್ಟ ಹುಡುಗ ಅಷ್ಟರಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ. ಒಂದು ಫೋನ್ ನಂಬರ್ ಬದಲಿಸಲು ಅವನಿಗೆ ನಾಲ್ಕು ಸಲ ಫೋನ್ ಮಾಡಬೇಕು. ಅಂಥ ಪೇಜ್ ಪುಕ್ಕಟೆ ಸಿಕ್ಕಿದ್ದರೂ ದುಬಾರಿಯೇ. ಹಾಗಾಗಿ ಮಾಲೀಕರೋ, ಅವರ ಮನೆಯಲ್ಲಿ ಒಬ್ಬರೋ ಸ್ವಂತ ಕೈಯಿಂದ ತಿದ್ದಬಲ್ಲ ಸಾಫ್ಟ್‌ವೇರ್ ಯಾವುದು ಅಂತ ಮೊದಲು ನೋಡಿ. ಅದರೊಳಗೆ ಅಗ್ಗದ್ದನ್ನು ಹುಡುಕಿ.

ಎರಡನೆಯದು, ನಾಳೆ ಆ ಸಾಫ್ಟ್‌ವೇರ್ ನಿಂತುಹೋದರೆ ನಿಮ್ಮ ಪೇಜ್ ಉಳಿಯುತ್ತದಾ? ಇದು ಸುಮ್ನೆ ಹೆದರಿಸುವ ಮಾತಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ (ಮ್ಯಾಪ್‌ನಲ್ಲಿ ಅಂಗಡಿಯ ವಿವರ ತೋರಿಸುವ ಪುಟ) ಜೊತೆಗೆ ಉಚಿತವಾಗಿ ಬರುತ್ತಿದ್ದ ಒಂದು ಪುಟದ ವೆಬ್‌ಸೈಟ್ ನೆನಪಿದೆಯಾ? ಬಹಳ ಅಂಗಡಿಗಳಿಗೆ ಅದೇ ವೆಬ್‌ಸೈಟ್ ಆಗಿತ್ತು. ಗೂಗಲ್ ಅದನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವರ್ಷದ ಜೂನ್ 10ರವರೆಗೆ ಹಳೇ ವಿಳಾಸ ಒತ್ತಿದವರು ಅಂಗಡಿಯ ಪ್ರೊಫೈಲ್‌ಗೆ ಹೋಗುತ್ತಿದ್ದರು. ಆಮೇಲೆ ಅದೂ ಇಲ್ಲ. ಮ್ಯಾಪ್‌ನಲ್ಲಿ ಅಂಗಡಿ ಉಳಿಯಿತು, ವಿಸಿಟಿಂಗ್ ಕಾರ್ಡ್ ಮೇಲೆ ಅಚ್ಚಾದ ವಿಳಾಸ ಸತ್ತಿತು.

ಅಡೋಬಿಯ ಎರಡು ಸಾಫ್ಟ್‌ವೇರ್ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕೋಡ್ ಗೊತ್ತಿಲ್ಲದವರಿಗಾಗಿ ಮಾಡಿದ್ದ ಮ್ಯೂಸ್ ಅನ್ನು 2018ರಲ್ಲಿ ನಿಲ್ಲಿಸುವುದಾಗಿ ಹೇಳಿತು. ಕೋಡ್ ಬರೆಯುವವರ ಬ್ರ್ಯಾಕೆಟ್ಸ್ ಎಡಿಟರ್‌ಗೆ 2021ರ ಸೆಪ್ಟೆಂಬರ್‌ನಲ್ಲಿ ಬೆಂಬಲ ನಿಲ್ಲಿಸಿತು. ಬ್ರ್ಯಾಕೆಟ್ಸ್ ಬಳಸುತ್ತಿದ್ದವರಿಗೆ ಏನೂ ನಷ್ಟ ಆಗಲಿಲ್ಲ. ಅವರ ಕೈಯಲ್ಲಿದ್ದದ್ದು ಸಾದಾ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಫೈಲ್, ಬೇರೆ ಎಡಿಟರ್‌ನಲ್ಲಿ ತೆರೆದು ಕೆಲಸ ಮುಂದುವರಿಸಿದರು. ಮ್ಯೂಸ್‌ನ ಕೆಲಸದ ಫೈಲ್ ಮಾತ್ರ ಮ್ಯೂಸ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ.

ಇಷ್ಟು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಇವತ್ತೇ ಬೇಕು, ಕೋಡ್ ಬೇಡ

ಗೂಗಲ್ ಸೈಟ್ಸ್ ಪೂರ್ತಿ ಉಚಿತ. ಜಿಮೇಲ್ ಇದ್ದರೆ ಸಾಕು. ಜಾಹೀರಾತು ಬರುವುದಿಲ್ಲ. ಸ್ವಂತ ಡೊಮೇನ್ (ನಿಮ್ಮದೇ ಹೆಸರಿನ ವೆಬ್ ವಿಳಾಸ) ಜೋಡಿಸಿದರೂ ಗೂಗಲ್‌ಗೆ ಕೊಡಬೇಕಾದ್ದು ಏನೂ ಇಲ್ಲ, ಡೊಮೇನ್ ದುಡ್ಡು ಅಷ್ಟೇ. ಮ್ಯಾಪ್, ಗೂಗಲ್ ಫಾರ್ಮ್, ಯೂಟ್ಯೂಬ್ ವಿಡಿಯೋ, ಗೂಗಲ್ ಶೀಟ್ ಎಲ್ಲವನ್ನೂ ಪುಟದೊಳಗೆ ಕೂರಿಸಬಹುದು. ನೋಡಲು ಸಪ್ಪೆ, ನಿಜ. ವಿನ್ಯಾಸದಲ್ಲಿ ಕೈ ಆಡಿಸಲು ಜಾಗ ಕಮ್ಮಿ. ಆದರೂ ಟ್ಯೂಷನ್ ಸೆಂಟರ್‌ಗೆ, ಸಂಘ ಸಂಸ್ಥೆಗಳಿಗೆ, ಹಳ್ಳಿಯ ಶಾಲೆಗೆ ನಾನು ಮೊದಲು ಹೇಳುವ ಹೆಸರು ಇದೇ. ಮೇಷ್ಟ್ರು ಶೀಟ್‌ನಲ್ಲಿ ವೇಳಾಪಟ್ಟಿ ಬದಲಿಸಿದರೆ ಪುಟದಲ್ಲೂ ತಾನೇ ಬದಲಾಗುತ್ತದೆ. ಪುಟದ ಕಡೆ ಯಾರೂ ಹೋಗಬೇಕಾಗಿಯೇ ಇಲ್ಲ. ಕೊರತೆ ಎರಡು: ಪುಟವನ್ನೇ ತಿದ್ದಬೇಕೆಂದರೆ ಫೋನ್ ಸಲೀಸಲ್ಲ, ಕಂಪ್ಯೂಟರ್ ಬೇಕು. ಮತ್ತೆ, ಮಾಡಿದ ಸೈಟನ್ನು ಅದೇ ರೂಪದಲ್ಲಿ ಇನ್ನೊಂದು ಕಡೆ ಕೂರಿಸಲು ಆಗುವುದಿಲ್ಲ.

ಕ್ಯಾನ್ವಾ ಅಂತೂ ಎಲ್ಲರ ಫೋನಿನಲ್ಲೂ ಇದೆ. ಗೃಹಪ್ರವೇಶದ ಕಾರ್ಡ್, ಹಬ್ಬದ ಸ್ಟೇಟಸ್ ಮಾಡುವ ಅದೇ ಆ್ಯಪ್‌ನಲ್ಲಿ ವೆಬ್‌ಸೈಟ್ ಕೂಡ ಮಾಡಬಹುದು. ಹೋಂಸ್ಟೇನವರಿಗೆ ಇದು ಹೊಂದುತ್ತದೆ. ನಾಲ್ಕು ಫೋಟೋ, ಕೋಣೆ ಬಾಡಿಗೆ, ತುಂಗಭದ್ರಾ ದಾಟಿ ಬರುವ ದಾರಿ, ಒಂದು ವಾಟ್ಸಾಪ್ ಬಟನ್. ಊಟಕ್ಕೆ ಜೋಳದ ರೊಟ್ಟಿ ಸಿಗುತ್ತದೆ ಅಂತ ಒಂದು ಸಾಲು. ಬಾಡಿಗೆ ಬದಲಾದರೆ ಫೋನಿನಲ್ಲೇ ತಿದ್ದಿ ಮತ್ತೆ ಪಬ್ಲಿಷ್ ಒತ್ತಿದರೆ ಮುಗಿಯಿತು. ಉಚಿತದಲ್ಲಿ ವಿಳಾಸ ಕ್ಯಾನ್ವಾದ ಹೆಸರಿನ ಬಾಲ ಹೊತ್ತು ಬರುತ್ತದೆ. ಎಚ್‌ಟಿಎಂಎಲ್ ಫೈಲ್ ನಿಮ್ಮ ಕೈಗೆ ಸಿಗುವುದಿಲ್ಲ. ಐದಾರು ಪುಟಕ್ಕಿಂತ ಜಾಸ್ತಿ ಆದರೆ ಸಂಭಾಳಿಸುವುದು ಕಷ್ಟ.

ವಿಕ್ಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಿನ್ಯಾಸ ಚೆನ್ನಾಗಿದೆ, ಎಳೆದು ಬಿಟ್ಟರೆ ಕೂರುತ್ತದೆ. ಆದರೆ ಉಚಿತ ಪ್ಲಾನ್‌ನಲ್ಲಿ ಅವರ ಜಾಹೀರಾತು ನಿಮ್ಮ ಪುಟದ ಮೇಲೆ ಇರುತ್ತದೆ, ಸ್ವಂತ ಡೊಮೇನ್ ಬೇಕಾದರೆ ಚಂದಾ ಕಟ್ಟಬೇಕು. ಅಲ್ಲಿ ಮಾಡಿದ ಸೈಟ್ ಅಲ್ಲೇ ಇರಬೇಕು, ಬೇರೆ ಹೋಸ್ಟಿಂಗ್‌ಗೆ (ಸೈಟ್ ಇಡುವ ಬಾಡಿಗೆ ಜಾಗಕ್ಕೆ) ಒಯ್ಯಲು ಬರುವುದಿಲ್ಲ. ಕಮ್ಮಿ ರೊಕ್ಕದವರಿಗೆ ನಾನು ಇದನ್ನು ಹೇಳುವುದಿಲ್ಲ.

ಕಥೆ, ಲೇಖನ, ಊರಿನ ಇತಿಹಾಸ ಬರೆಯುವವರು ಬ್ಲಾಗರ್ ಎಂಬ ಬ್ಲಾಗ್ ಸೇವೆಯನ್ನು ಹಳೇದು ಅಂತ ತಳ್ಳಿಹಾಕಬೇಡಿ. ಗೂಗಲ್ ಅದನ್ನು ಕೊಂಡದ್ದು 2003ರಲ್ಲಿ, ಇವತ್ತಿಗೂ ನಡೆಯುತ್ತಿದೆ. ಸ್ವಂತ ಡೊಮೇನ್ ಉಚಿತವಾಗಿ ಜೋಡಿಸಬಹುದು. ಥೀಮ್‌ನ (ಪುಟದ ಸಿದ್ಧ ವಿನ್ಯಾಸದ) ಎಚ್‌ಟಿಎಂಎಲ್ ತಿದ್ದಬಹುದು. ಬರೆದದ್ದನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಳ್ಳಬಹುದು. ಉಚಿತ ಸೇವೆಗಳಲ್ಲಿ ಇಷ್ಟು ಬಿಡುವು ಕೊಡುವವು ಕಮ್ಮಿ.

ವರ್ಡ್‌ಪ್ರೆಸ್: ಸಾಫ್ಟ್‌ವೇರ್ ಉಚಿತ, ಖರ್ಚು ತಪ್ಪಿದ್ದಲ್ಲ

ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಹತ್ತಕ್ಕೆ ನಾಲ್ಕು ವರ್ಡ್‌ಪ್ರೆಸ್ ಮೇಲೆ ಓಡುತ್ತವೆ. 2003ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಇಲ್ಲಿ ಎರಡು ಹೆಸರು ಗೊಂದಲ ಮಾಡುತ್ತವೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಸಾಫ್ಟ್‌ವೇರ್ ಇಳಿಸಿಕೊಂಡು ನಿಮ್ಮದೇ ಹೋಸ್ಟಿಂಗ್‌ನಲ್ಲಿ ಹಾಕುತ್ತೀರಿ. ವರ್ಡ್‌ಪ್ರೆಸ್ ಡಾಟ್ ಕಾಮ್ ಅದೇ ಸಾಫ್ಟ್‌ವೇರನ್ನು ತಾವೇ ನಡೆಸಿಕೊಡುವ ಒಂದು ಕಂಪನಿಯ ಸೇವೆ, ಬೇರೆ ಬೇರೆ ಪ್ಲಾನ್ ಇವೆ. ನಾನು ಹೇಳುತ್ತಿರುವುದು ಮೊದಲನೆಯದು.

ಇದರ ದೊಡ್ಡ ಗುಣ, ಹೊತ್ತುಕೊಂಡು ಹೋಗಬಹುದು. ಹೋಸ್ಟಿಂಗ್ ಕಂಪನಿ ಸರಿ ಇಲ್ಲವಾ, ಫೈಲು ಮತ್ತು ಬರಹವೆಲ್ಲ ಇರುವ ಡೇಟಾಬೇಸ್ ಎತ್ತಿಕೊಂಡು ಇನ್ನೊಂದು ಕಡೆ ಹಾಕಿದರೆ ಸೈಟ್ ಹಾಗೇ ಎದ್ದು ನಿಲ್ಲುತ್ತದೆ. ಎರಡನೇ ಗುಣ, ಕನ್ನಡ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಮಾಡಿದರೆ ತಿಂಗಳ ಹೆಸರೂ ಕನ್ನಡದಲ್ಲೇ ಬರುತ್ತದೆ. ಫೋನಿನ ಆ್ಯಪ್ ಇದೆ. ಗಿರಣಿ ಮಾಲೀಕರ ಮಗಳು ಕಾಲೇಜಿನಿಂದಲೇ ರೇಟ್ ತಿದ್ದಬಹುದು.

ಪುಟ ವಿನ್ಯಾಸಕ್ಕೆ ಇದರೊಳಗೆ ಎರಡು ದಾರಿ. ಒಂದು, 2018ರ ಡಿಸೆಂಬರ್‌ನಿಂದ ಜೊತೆಗೇ ಬರುವ, ತುಂಡು ತುಂಡಾಗಿ ಪುಟ ಜೋಡಿಸುವ ಬ್ಲಾಕ್ ಎಡಿಟರ್. ಇನ್ನೊಂದು, ಎಲಿಮೆಂಟರ್‌ನಂಥ ಪೇಜ್ ಬಿಲ್ಡರ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್). ನಮ್ಮ ಕಡೆ ಹುಡುಗರು ಯೋಚನೆಯೇ ಇಲ್ಲದೆ ಎಲಿಮೆಂಟರ್ ಹಾಕಿಬಿಡುತ್ತಾರೆ. ಕೈಗೆ ಬೇಗ ಹತ್ತುತ್ತದೆ, ನೋಟ ಚೆಂದ, ನಿಜ. ಆದರೆ ಪುಟ ಭಾರ ಆಗುತ್ತದೆ. ಸಿಂಧನೂರಿನ ಆಚೆ ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ತೆರೆಯುವ ರೈತನ ಫೋನ್ ಲೆಕ್ಕಕ್ಕೆ ಹಿಡಿಯಿರಿ. ನಾಳೆ ಆ ಪ್ಲಗಿನ್ ತೆಗೆದರೆ ಅಕ್ಷರ ಉಳಿಯುತ್ತವೆ, ವಿನ್ಯಾಸ ಕಳಚಿಬೀಳುತ್ತದೆ. ಐದು ಪುಟದ ಸೈಟ್‌ಗೆ ಬ್ಲಾಕ್ ಎಡಿಟರ್ ಧಾರಾಳ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಖರ್ಚು ಎಲ್ಲಿದೆ? ಹೋಸ್ಟಿಂಗ್‌ನಲ್ಲಿದೆ. ಜಾಹೀರಾತಿನಲ್ಲಿ ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ಅಂತ ಇರುತ್ತದೆ. ಒಳಗೆ ಹೋದರೆ ಮೂರ್ನಾಲ್ಕು ವರ್ಷದ್ದು ಒಟ್ಟಿಗೆ ಕಟ್ಟಿದವರಿಗೆ ಆ ರೇಟ್. ಮೇಲೆ 18% ಜಿಎಸ್‌ಟಿ. ನವೀಕರಣದ ರೇಟ್ ಸಣ್ಣ ಅಕ್ಷರದಲ್ಲಿ ಬೇರೆಯೇ ಇರುತ್ತದೆ, ಬಹಳ ಸಲ ಎರಡು ಪಟ್ಟಿಗಿಂತ ಜಾಸ್ತಿ. ಹೋಲಿಸುವಾಗ ಆ ನವೀಕರಣದ ಅಂಕಿಯನ್ನೇ ಬರೆದುಕೊಳ್ಳಿ. ಮೊದಲ ವರ್ಷದ ರೇಟ್ ನೋಡಿ ಹೋಲಿಸಿದರೆ ಎಲ್ಲವೂ ಅಗ್ಗವೇ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಪ್ರೀಮಿಯಂ ಥೀಮ್, ಪ್ಲಗಿನ್ ಇನ್ನೂರು ಮುನ್ನೂರು ರೂಪಾಯಿಗೆ ಕೊಡುತ್ತೇವೆ ಅನ್ನುವವರು ಟೆಲಿಗ್ರಾಂನಲ್ಲಿ ಸಿಗುತ್ತಾರೆ. ಬೀಗ ಒಡೆದ ಇಂಥ ಕಾಪಿಗಳಿಗೆ ನಲ್ಡ್ ಅನ್ನುತ್ತಾರೆ. ಅವುಗಳೊಳಗೆ ಬೇರೆಯವರು ತುರುಕಿದ ಕೋಡ್ ಇರುವುದು ಸಾಮಾನ್ಯ. ಅಕ್ಕಿ ಗಿರಣಿಯ ಪೇಜ್ ಒತ್ತಿದರೆ ಜೂಜಿನ ಸೈಟ್ ತೆರೆಯುತ್ತದೆ. ಗೂಗಲ್‌ನಲ್ಲಿ ಕೆಂಪು ಎಚ್ಚರಿಕೆ ಬಂದರೆ ಗಿರಾಕಿ ಆ ಕಡೆ ತಲೆ ಹಾಕುವುದಿಲ್ಲ. ಉಚಿತ ಥೀಮ್‌ಗಳು ವರ್ಡ್‌ಪ್ರೆಸ್‌ನ ಅಧಿಕೃತ ಪಟ್ಟಿಯಲ್ಲೇ ಸಾವಿರಾರು ಇರುವಾಗ ಈ ಉಸಾಬರಿ ಯಾಕೆ? ಅಪ್‌ಡೇಟ್ ಮಾಡುವುದು, ಬ್ಯಾಕಪ್ ತೆಗೆಯುವುದು ಇಲ್ಲಿ ನಿಮ್ಮ ಕೆಲಸ. ಅಪ್‌ಡ್ರಾಫ್ಟ್‌ಪ್ಲಸ್ ಪ್ಲಗಿನ್‌ನ ಉಚಿತ ಆವೃತ್ತಿ ಗೂಗಲ್ ಡ್ರೈವ್‌ಗೆ ತಾನೇ ಬ್ಯಾಕಪ್ ಕಳಿಸುತ್ತದೆ. ಅಷ್ಟೂ ಮಾಡುವವರು ಮನೆಯಲ್ಲಿ ಯಾರೂ ಇಲ್ಲ ಅಂದರೆ ವರ್ಡ್‌ಪ್ರೆಸ್ ಬೇಡ, ಗೂಗಲ್ ಸೈಟ್ಸ್‌ಗೇ ಹೋಗಿ.

ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ ಮಾರುವವರು ಆನ್‌ಲೈನ್ ಅಂಗಡಿ ಕೇಳುತ್ತಾರೆ. ಅಂಗಡಿ ನಡೆಸುವ ಪ್ಲಗಿನ್ ವೂಕಾಮರ್ಸ್ ಉಚಿತ, ವರ್ಡ್‌ಪ್ರೆಸ್ ಒಳಗೇ ಕೂರುತ್ತದೆ. ಆದರೆ ಗಿರಾಕಿಯ ದುಡ್ಡು ತಲುಪಿಸುವ ಪೇಮೆಂಟ್ ಗೇಟ್‌ವೇಯ ಕಡಿತ, ಕೊರಿಯರ್ ಲೆಕ್ಕ, ಸ್ಟಾಕ್ ತಿದ್ದುವುದು ಎಲ್ಲ ಸೇರಿ ದಿನದ ಕೆಲಸವೇ ಆಗುತ್ತದೆ. ತಿಂಗಳಿಗೆ ಹತ್ತಿಪ್ಪತ್ತು ಆರ್ಡರ್ ಇರುವವರೆಗೆ ಫೋಟೋ ಪುಟ ಮತ್ತು ವಾಟ್ಸಾಪ್ ಬಟನ್ ಸಾಕು, ದುಡ್ಡು ಯುಪಿಐನಲ್ಲಿ ಬರುತ್ತದೆ. ಬಟನ್‌ಗೆ ನಂಬರ್ ಹಾಕುವಾಗ 91 ಮೊದಲು ಇರಬೇಕು. ಪ್ಲಸ್ ಗುರುತು, ನಂಬರಿನ ಮುಂದೆ ಹಾಕುವ ಸೊನ್ನೆ, ಮಧ್ಯದ ಗೆರೆ ಯಾವುದೂ ಬೇಡ.

ಕೋಡ್ ಕಲಿಯುವವರಿಗೆ

ಡಿಪ್ಲೊಮಾ, ಬಿಸಿಎ ಓದುವ ಮಕ್ಕಳು ಡ್ರೀಮ್‌ವೀವರ್ ಬೇಕಾ ಅಂತ ಕೇಳುತ್ತಾರೆ. ಸಿಲಬಸ್‌ನಲ್ಲಿ ಆ ಹೆಸರು ಇರುವುದೇ ಕಾರಣ. 1997ರಲ್ಲಿ ಬಂದ ಸಾಫ್ಟ್‌ವೇರ್ ಅದು, ಈಗ ಅಡೋಬಿ ಚಂದಾದಲ್ಲಿ ಮಾತ್ರ ಸಿಗುತ್ತದೆ. ಬೇಕಾಗಿಲ್ಲ. ಕ್ರ್ಯಾಕ್ ಕಾಪಿ ಅಂತೂ ಮುಟ್ಟಲೇಬೇಡಿ.

ವಿಎಸ್ ಕೋಡ್ ಎಂಬ ಎಡಿಟರ್ ಇಳಿಸಿಕೊಳ್ಳಿ. ಮೈಕ್ರೋಸಾಫ್ಟ್‌ನದು, 2015ರಲ್ಲಿ ಬಂತು, ಉಚಿತ. ಲೈವ್ ಸರ್ವರ್ ಎಂಬ ಎಕ್ಸ್‌ಟೆನ್ಷನ್ ಹಾಕಿದರೆ ಒಂದು ಕಡೆ ಕೋಡ್ ಬರೆದು ಉಳಿಸುತ್ತಿದ್ದಂತೆ ಇನ್ನೊಂದು ಕಡೆ ಪುಟ ಬದಲಾಗುವುದು ಕಾಣುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರಿಲ್ಲ. ಮನೆಯಲ್ಲಿರುವುದು ಹಳೇ ಕಂಪ್ಯೂಟರ್, ವಿಂಡೋಸ್ 7 ಅಂದರೆ ಹೊಸ ವಿಎಸ್ ಕೋಡ್ ಓಡುವುದಿಲ್ಲ. ಆಗ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿ. ಕೆಲವೇ ಎಂಬಿ ಗಾತ್ರ, 2 ಜಿಬಿ ರ‍್ಯಾಮ್‌ನಲ್ಲೂ ಚುರುಕಾಗಿ ಓಡುತ್ತದೆ. ನಮ್ಮ ಕಡೆಗೆ ಹೇಳಿ ಮಾಡಿಸಿದ ಗುಣ ಒಂದಿದೆ. ನೀವು ಉಳಿಸದಿದ್ದರೂ ಬರೆದದ್ದನ್ನು ಪ್ರತಿ 7 ಸೆಕೆಂಡಿಗೊಮ್ಮೆ ತಾನೇ ಒಂದು ಕಾಪಿ ಇಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ರಾಯಚೂರಿನಲ್ಲಿ ಕರೆಂಟ್ ಹೋಗಿ ಬಂದರೂ ಬರೆದದ್ದು ಹಾಗೇ ಇರುತ್ತದೆ. ವಿಎಸ್ ಕೋಡ್‌ನಲ್ಲಿ ಫೈಲ್ ಮೆನುವಿನ ಆಟೋ ಸೇವ್ ಆನ್ ಮಾಡಿಕೊಳ್ಳಿ.

ಈಗ ಎಐ ಚಾಟ್‌ಗೆ ಕನ್ನಡದಲ್ಲೇ ಹೇಳಿದರೂ ಒಂದು ಪುಟದ ಎಚ್‌ಟಿಎಂಎಲ್ ಬರೆದುಕೊಡುತ್ತದೆ. ತಪ್ಪೇನಿಲ್ಲ. ಆದರೆ ಅದರಲ್ಲಿ ಒಂದು ಬೆಲೆ, ಒಂದು ಬಣ್ಣ ಎಲ್ಲಿ ತಿದ್ದಬೇಕು ಅಂತ ಗೊತ್ತಿರಬೇಕಲ್ವಾ? ಅಷ್ಟಕ್ಕಾದರೂ ಒಂದು ತಿಂಗಳು ಕೂತು ಎಚ್‌ಟಿಎಂಎಲ್, ಬಣ್ಣ ಅಳತೆ ಹೇಳುವ ಸಿಎಸ್‌ಎಸ್ ಕಲಿಯಿರಿ.

ಹೀಗೆ ಮಾಡಿದ ಪುಟ ಇಡಲು ಹೋಸ್ಟಿಂಗ್ ಕೊಳ್ಳಬೇಕಾಗಿಲ್ಲ. ಕ್ಲೌಡ್‌ಫ್ಲೇರ್ ಪೇಜಸ್, ನೆಟ್ಲಿಫೈ ಎರಡರಲ್ಲೂ ಉಚಿತ ಪ್ಲಾನ್ ಇದೆ. ಫೋಲ್ಡರನ್ನು ಎಳೆದು ಬಿಟ್ಟರೆ ಪುಟ ಇಂಟರ್‌ನೆಟ್‌ನಲ್ಲಿ ಕಾಣುತ್ತದೆ. ಗಿಟ್‌ಹಬ್ ಪೇಜಸ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ, ರೆಸ್ಯೂಮೆಗೆ ಬಹಳ ಒಳ್ಳೇದು. ಆದರೆ ವ್ಯಾಪಾರ ನಡೆಸುವ ಸೈಟನ್ನು ಅಲ್ಲಿ ಇಡಬಾರದು ಅಂತ ಅವರ ನಿಯಮದಲ್ಲೇ ಇದೆ.

ಕೋಡೂ ಬೇಡ, ತಿಂಗಳ ಹೋಸ್ಟಿಂಗೂ ಬೇಡ ಅನ್ನುವವರಿಗೆ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಒಳ್ಳೆ ಸಾಫ್ಟ್‌ವೇರ್ ಇದೆ, ಪಬ್ಲಿ. ಮುಕ್ತ ತಂತ್ರಾಂಶ, ಕಂಪ್ಯೂಟರ್‌ನಲ್ಲೇ ಕೂರುತ್ತದೆ. ನೆಟ್ ಇಲ್ಲದಾಗಲೂ ಬರೆಯಬಹುದು, ನೆಟ್ ಬಂದಾಗ ಒಂದು ಬಟನ್ ಒತ್ತಿದರೆ ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ನೆಟ್ಲಿಫೈಯಂಥ ಉಚಿತ ಜಾಗಕ್ಕೆ ಹೊರಡುತ್ತದೆ. ಹ್ಯಾಕ್ ಮಾಡಲು ಡೇಟಾಬೇಸೇ ಅಲ್ಲಿ ಇರುವುದಿಲ್ಲ. ಫೋನಿನಿಂದ ತಿದ್ದಲು ಆಗುವುದಿಲ್ಲ ಎಂಬುದೊಂದೇ ಕೊರತೆ.

ಪುಟದ ನಕ್ಷೆ ಬರೆಯುವ ಫಿಗ್ಮಾ, ಪೆನ್‌ಪಾಟ್ ಬಗ್ಗೆ ಕೇಳುವವರಿದ್ದಾರೆ. ಅವು ಜೀನ್ಸ್ ಯೂನಿಟ್‌ನ ಕಾಗದದ ಪ್ಯಾಟರ್ನ್ ಇದ್ದ ಹಾಗೆ. ಅಳತೆ, ಆಕಾರ ಅಲ್ಲಿ ಕೂತು ಸರಿಮಾಡಿಕೊಳ್ಳಬಹುದು, ಹೊಲಿಯುವುದು ಬೇರೆ ಕಡೆ. ಗಿರಾಕಿಗೆ ಮೊದಲೇ ತೋರಿಸಿ ಒಪ್ಪಿಗೆ ತೆಗೆದುಕೊಳ್ಳಲು ಉಪಯೋಗ. ಪೆನ್‌ಪಾಟ್ ಮುಕ್ತ ತಂತ್ರಾಂಶ, ಫಿಗ್ಮಾದಲ್ಲಿ ಉಚಿತ ಪ್ಲಾನ್ ಇದೆ. ಫೋಟೋ ತಿದ್ದಲು ಗಿಂಪ್ ಅಥವಾ ಬ್ರೌಸರ್‌ನಲ್ಲೇ ತೆರೆಯುವ ಫೋಟೋಪಿಯಾ ಸಾಕು. ಫೋನಿನಲ್ಲಿ ತೆಗೆದ ಫೋಟೋ ಒಂದೊಂದು 3-4 ಎಂಬಿ ಇರುತ್ತದೆ. ಹಾಗೇ ಹಾಕಬೇಡಿ. ಗೂಗಲ್‌ನ ಸ್ಕ್ವೂಶ್ ಎಂಬ ಉಚಿತ ಪುಟದಲ್ಲಿ ಹಾಕಿ, ಅಳತೆ ಚಿಕ್ಕದು ಮಾಡಿ, ವೆಬ್‌ಪಿ (ಕಮ್ಮಿ ಗಾತ್ರದ ಫೋಟೋ ಫೈಲ್) ಮಾಡಿದರೆ ಕಣ್ಣಿಗೆ ವ್ಯತ್ಯಾಸ ಕಾಣದ ಹಾಗೆ ಬಹಳ ಹಗುರ ಆಗುತ್ತದೆ.

ಕನ್ನಡ ಅಕ್ಷರ ಸರಿಯಾಗಿ ಕೂರುತ್ತದಾ?

ಸಾಫ್ಟ್‌ವೇರ್ ಹೋಲಿಸುವ ಇಂಗ್ಲಿಷ್ ಪಟ್ಟಿಗಳಲ್ಲಿ ಈ ಪ್ರಶ್ನೆಯೇ ಇರುವುದಿಲ್ಲ. ನಮಗೆ ಇದೇ ಮುಖ್ಯ.

ಒಂದು ಪರೀಕ್ಷೆ ಮಾಡಿ. ಯಾವ ಟೆಂಪ್ಲೇಟ್ ಆದರೂ ತೆಗೆದುಕೊಂಡು ದೊಡ್ಡ ಶೀರ್ಷಿಕೆಯಲ್ಲಿ "ರಾಯಚೂರು" ಅಂತ ಬರೆಯಿರಿ. ಚೆನ್ನಾಗಿ ಕಾಣುತ್ತದೆ. ಈಗ ಅದನ್ನೇ "ಬಳ್ಳಾರಿ, ಕೊಪ್ಪಳ" ಅಂತ ಎರಡು ಸಾಲಿಗೆ ಬರುವ ಹಾಗೆ ಬರೆಯಿರಿ. ಬಳ್ಳಾರಿಯ ಒತ್ತು ಕೆಳಗಿನ ಸಾಲಿನ ಕೊಪ್ಪಳದ ತಲೆಗೆ ತಾಗುತ್ತದೆ, ಇಲ್ಲವೇ ಒತ್ತಿನ ಬುಡ ಕತ್ತರಿಸಿ ಹೋಗಿರುತ್ತದೆ. ರಾಯಚೂರಿನಲ್ಲಿ ಒತ್ತಕ್ಷರವೇ ಇಲ್ಲ, ಅದಕ್ಕೇ ತೊಂದರೆ ಕಾಣಲಿಲ್ಲ. ಟೆಂಪ್ಲೇಟ್ ಮಾಡಿದವರು ಇಂಗ್ಲಿಷ್ ಅಕ್ಷರ ನೋಡಿ ಸಾಲಿನ ಎತ್ತರ (ಲೈನ್ ಹೈಟ್) ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟು ಇಟ್ಟಿರುತ್ತಾರೆ. ಕನ್ನಡಕ್ಕೆ ಶೀರ್ಷಿಕೆಯಲ್ಲಿ 1.4, ಬರಹದಲ್ಲಿ 1.6ರಿಂದ 1.8 ಬೇಕು. ಲೈನ್ ಹೈಟ್ ಬದಲಿಸಲು ಬಿಡದ ಬಿಲ್ಡರ್ ಎಷ್ಟೇ ಅಗ್ಗ ಆದರೂ ಕನ್ನಡ ಸೈಟ್‌ಗೆ ಬೇಡ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಇದ್ದರೆ ಸೊನ್ನೆ ಮಾಡಿ. ಇಂಗ್ಲಿಷ್‌ಗೆ ಅದು ಅಂದ, ಕನ್ನಡದ ಪದಗಳನ್ನು ಚೂರುಚೂರು ಮಾಡುತ್ತದೆ.

ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಬರಹಕ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ ಚೆಂದ. ಹುಬ್ಬಳ್ಳಿ ಫಾಂಟ್ ಮುದ್ದಾಗಿದೆ, ಆದರೆ ಒಂದೇ ದಪ್ಪದಲ್ಲಿ ಸಿಗುತ್ತದೆ. ಬೋಲ್ಡ್ ಒತ್ತಿದರೆ ಬ್ರೌಸರ್ ಸುಳ್ಳು ಬೋಲ್ಡ್ ಮಾಡಿ ಅಕ್ಷರ ಮಸಿ ಬಳಿದಂತೆ ಕಾಣುತ್ತದೆ. ವರ್ಡ್‌ಪ್ರೆಸ್ 6.5ರಿಂದ, ಅಂದರೆ 2024ರ ಏಪ್ರಿಲ್‌ನಿಂದ, ಬ್ಲಾಕ್ ಥೀಮ್‌ಗಳಲ್ಲಿ ಫಾಂಟ್ ಲೈಬ್ರರಿ ಇದೆ. ಗೂಗಲ್ ಫಾಂಟನ್ನು ಪ್ಲಗಿನ್ ಇಲ್ಲದೆ ನೇರವಾಗಿ ಇಳಿಸಿಕೊಳ್ಳಬಹುದು.

ಡಿಟಿಪಿ ಸೆಂಟರ್‌ನಿಂದ ಬಂದ ಬರಹ ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ ಬಂದರೆ ಸಾಫ್ಟ್‌ವೇರ್ ಮೇಲೆ ಸಿಟ್ಟಾಗಬೇಡಿ. ಅದು ಹಳೇ ನುಡಿ ಅಥವಾ ಬರಹ ಸಾಫ್ಟ್‌ವೇರ್‌ನ ಆಸ್ಕಿ ಅಕ್ಷರ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತದೆ. ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪು ಉಳಿಯುವುದು ಅಲ್ಲೇ ಜಾಸ್ತಿ. ಇದನ್ನು ತಪ್ಪಿಸಲು ಬರಹವನ್ನೇ ಚಿತ್ರ ಮಾಡಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ನೀವು ಸಿಗುವುದಿಲ್ಲ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಇಲ್ಲ.

ದುಡ್ಡು ಕಟ್ಟುವ ಮುಂಚೆ

ಡಾಲರ್‌ನಲ್ಲಿ ಚಂದಾ ಇರುವ ಸಾಫ್ಟ್‌ವೇರ್ ಆದರೆ ಬ್ಯಾಂಕಿನ ಕರೆನ್ಸಿ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿ. ರಿಸರ್ವ್ ಬ್ಯಾಂಕ್‌ನ 2021ರ ನಿಯಮದ ನಂತರ ಕೆಲವು ವಿದೇಶಿ ಕಂಪನಿಗಳಿಗೆ ಕಾರ್ಡಿನಿಂದ ತಾನೇ ದುಡ್ಡು ಹೋಗುವುದಿಲ್ಲ. ಕೈಯಾರೆ ಕಟ್ಟದಿದ್ದರೆ ಸೈಟ್ ಸದ್ದಿಲ್ಲದೆ ನಿಲ್ಲುತ್ತದೆ. ಯುಪಿಐನಲ್ಲಿ ರೂಪಾಯಿ ಕಟ್ಟಿ ಜಿಎಸ್‌ಟಿ ಬಿಲ್ ಸಿಗುವ ಕಡೆಗೆ ನನ್ನ ಒಲವು.

ಡೊಮೇನ್‌ಗೆ ಮಾತ್ರ ಕಂಜೂಸು ಮಾಡಬೇಡಿ. ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಹೆಚ್ಚುಕಮ್ಮಿ ಸಾವಿರ ರೂಪಾಯಿ ಆಗುತ್ತದೆ. ಸಾಫ್ಟ್‌ವೇರ್ ಯಾವುದೇ ಇರಲಿ, ಹೆಸರು ನಿಮ್ಮದಾಗಿದ್ದರೆ ನಾಳೆ ಅದೇ ಹೆಸರನ್ನು ಇನ್ನೊಂದು ಕಡೆ ತಿರುಗಿಸಬಹುದು, ಬೋರ್ಡ್, ಚೀಲ, ಕಾರ್ಡ್ ಮರುಮುದ್ರಣ ಬೇಕಿಲ್ಲ. ಹೋಸ್ಟಿಂಗ್ ಒಂದು ಕಡೆ, ಡೊಮೇನ್ ಇನ್ನೊಂದು ಕಡೆ ಇದ್ದರೆ ಇನ್ನೂ ಒಳ್ಳೇದು. ನೋಂದಣಿ ಮಾಡುವಾಗ ಪೇಜ್ ಮಾಡಿಕೊಡುವ ಹುಡುಗನ ಪಕ್ಕದಲ್ಲೇ ಕೂತುಕೊಳ್ಳಿ. ಹೆಸರು ನಿಮ್ಮದು, ಇಮೇಲ್ ನಿಮ್ಮದು, ಒಟಿಪಿ ಬರುವ ಮೊಬೈಲ್ ನಿಮ್ಮದು ಇರಲಿ. ಪಾಸ್‌ವರ್ಡನ್ನೂ ನವೀಕರಣದ ತಾರೀಖನ್ನೂ ಅಂಗಡಿಯ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಅವತ್ತೇ ಬರೆದಿಡಿ.